ಬೇಲಿ ಸಾಲಿನ ಮರಕಾಫಿಯಿಂದ ಬಟಾಂಗಾಸ್ ಬರಾಕೊ ಮಾಡೋದು ಹೆಂಗೆ

ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆ ಹಳೇ ತೋಟ ಇರೋರಿಗೆ ಇದು ಗೊತ್ತಿರುತ್ತೆ, ಬೇಲಿ ಸಾಲಲ್ಲೋ ಗೇಟ್ ಹತ್ರಾನೋ ಕಣದ ಮೂಲೇಲೋ ಒಂದೆರಡು ದೊಡ್ಡ ಕಾಫಿ ಮರ ನಿಂತಿರುತ್ತೆ. ಗಿಡ ಅಲ್ಲ, ಮರಾನೇ. ಬಿಟ್ರೆ ಎರಡು ಮಹಡಿ ಮನೆ ಎತ್ತರ ಹೋಗುತ್ತೆ, ಎಲೆ ಅಂಗೈಗಿಂತ ದೊಡ್ದು, ದಪ್ಪ, ಮಿರಮಿರ ಅಂತಿರುತ್ತೆ, ಹಣ್ಣು ರೊಬಸ್ಟಾದ ಎರಡರಷ್ಟು ಗಾತ್ರ. ನಮ್ಮನೇಲಿ ಅದನ್ನ ಮರಕಾಫಿ ಅಂತಿದ್ವಿ, ಅದರ ಸರಿಯಾದ ಹೆಸರು ಲೈಬೀರಿಕಾ. ಯಾರೂ ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ. ಹಕ್ಕಿ ತಿಂದಿದ್ದು ಹಕ್ಕಿಗೆ, ಮಿಕ್ಕಿದ್ದು ರೊಬಸ್ಟಾ ಚೆರಿ (ಇಡಿಯಾಗಿ ಒಣಗಿಸಿದ ಹಣ್ಣು) ಚೀಲಕ್ಕೆ. ಒಂದ್ಸಲ ನಾವು ಹಂಗೆ ಬೆರೆಸಿ ಕಳಿಸಿದ್ದಕ್ಕೆ ವ್ಯಾಪಾರಿ ಚೀಲ ಬಿಚ್ಚಿ ನೋಡಿ ದಪ್ಪ ಬೀಜ ಮಿಕ್ಸ್ ಆಗಿದೆ ಅಂತ ರೇಟ್ ಇಳಿಸಿದ್ರು, ಅವತ್ತೇ ಅಪ್ಪ ಆ ಮರ ಕಡಿಸ್ಬಿಡ್ತೀನಿ ಅಂತ ಹೊರಟಿದ್ರು.

ಮರ ಉಳೀತು. ಹೆಂಗೆ ಅಂದ್ರೆ ನನ್ನ ತಂಗಿ ದುಬೈಯಲ್ಲಿ ನರ್ಸು, ಅವಳ ರೂಮಲ್ಲಿ ಇರೋಳು ಫಿಲಿಪೀನ್ಸಿನ ಬಟಾಂಗಾಸ್ ಪ್ರಾಂತ್ಯದ ಲಿಪಾ ಊರಿನವಳು. ತಂಗಿ ರಜಕ್ಕೆ ಬಂದಾಗ ಆ ಹುಡುಗಿ ನಮ್ಮಮ್ಮಂಗೆ ಅಂತ ಒಂದು ಪೊಟ್ಟಣ ಕಾಫಿಪುಡಿ ಕಳಿಸಿದ್ಲು, ಅಮ್ಮ ಪೊಟ್ಟಣ ಕತ್ತರಿಸಿ ಮೂಗಿನ ಹತ್ರ ಹಿಡಿದು ಒಂದು ನಿಮಿಷ ಸುಮ್ನಿದ್ದು "ಇದು ನಮ್ ಬೇಲಿ ಮರದ್ದಲ್ವೇನೇ" ಅಂದ್ರು. ಅದೇ! ಅಲ್ಲಿ ಅದಕ್ಕೆ ಕಪೆಂಗ್ ಬರಾಕೊ ಅಂತಾರೆ, ಇಡೀ ಪ್ರಾಂತ್ಯ ಆ ಕಾಫಿ ಹೆಸರಲ್ಲಿ ಎದೆಯುಬ್ಬಿಸಿ ಓಡಾಡುತ್ತೆ. ನಾವು ಕಡಿಯೋಕೆ ಹೊರಟ ಮರಾನ ಇನ್ನೊಂದು ಕಡೆ ಜನ ತಮ್ಮ ಊರಿನ ಗುರುತು ಅಂತ ಇಟ್ಕೊಂಡಿದಾರೆ ಅಂತ ಗೊತ್ತಾದ ಮೇಲೆ ನಾನು ಮೂರು ವರ್ಷದಿಂದ ಆ ಹಣ್ಣು ಬೇರೆ ಕುಯ್ದು, ಬೇರೆ ಒಣಗಿಸಿ, ಬೇರೆ ಹುರಿದು ಕುಡೀತಿದೀನಿ. ಕಲಿತಿದ್ದೆಲ್ಲ ಇಲ್ಲಿ ಬರೀತೀನಿ, ನಡುನಡುವೆ ಬಟಾಂಗಾಸ್ ಕಥೆನೂ ಬರುತ್ತೆ, ಆ ಊರಿನ ಕಥೆ ಬಿಟ್ಟು ಬರೀ ಪುಡಿ ಕುದಿಸಿದ್ರೆ ಅದು ಬರಾಕೊ ಅನ್ಸಲ್ಲ ನಂಗೆ.

ಮೊದ್ಲು ಮರ ಅದೇನಾ ಅಂತ ನೋಡ್ಕೊಳ್ಳಿ

ಹಳೇ ತೋಟಗಳಲ್ಲಿ ಎಕ್ಸೆಲ್ಸಾ ಅಂತ ಇನ್ನೊಂದು ದೊಡ್ಡ ಜಾತಿನೂ ಇರುತ್ತೆ, ಎರಡೂ ಮರಗಳೇ, ದೂರದಿಂದ ಒಂದೇ ಥರ ಕಾಣುತ್ತೆ. ಎಕ್ಸೆಲ್ಸಾ ಎಲೆ, ಹಣ್ಣು ಎರಡೂ ಸ್ವಲ್ಪ ಸಣ್ಣ, ಲೈಬೀರಿಕಾ ಹಣ್ಣು ದಪ್ಪ, ಸಿಪ್ಪೆ ಚರ್ಮದ ಥರ ಗಟ್ಟಿ. ಹಣ್ಣು ಬಿಡಿಸಿ ಬೀಜ ನೋಡಿದ್ರೆ ಅನುಮಾನ ಹೋಗುತ್ತೆ. ಲೈಬೀರಿಕಾ ಬೀಜ ಉದ್ದ, ಒಂದು ತುದಿ ಚೂಪು, ಆ ತುದಿ ಸ್ವಲ್ಪ ಕೊಕ್ಕೆ ಥರ ಬಾಗಿರುತ್ತೆ, ಎರಡು ಬದಿ ಸಮ ಇರಲ್ಲ. ಒಂದು ಹಿಡಿ ಬೀಜ ಮೇಜಿನ ಮೇಲೆ ಹರಡಿದ್ರೆ ಬಾದಾಮಿ ಹರಡಿದ ಹಂಗೆ ಕಾಣುತ್ತೆ.

ಕುಯ್ಲು

ಅರೇಬಿಕಾ ಮುಗಿದು, ರೊಬಸ್ಟಾ ಮುಗಿದು, ಆಳುಗಳೆಲ್ಲ ಉಸ್ಸಪ್ಪಾ ಅಂತ ಕೂತಾಗ ಈ ಮರದ ಹಣ್ಣು ಕೆಂಪಾಗೋದು. ಹೂ ಬಿಟ್ಟಿದ್ದು ಹಣ್ಣಾಗೋಕೆ ಹೆಚ್ಚುಕಮ್ಮಿ ಒಂದು ವರ್ಷ ಬೇಕು, ಹಂಗಾಗಿ ಒಂದೇ ಕೊಂಬೇಲಿ ಹಣ್ಣು, ಕಾಯಿ, ಹೊಸ ಹೂ ಮೂರೂ ಇರುತ್ತೆ. ಕೊಂಬೆ ಎಳೆದು ಒಟ್ಟಿಗೆ ಸವರಬೇಡಿ, ಮುಂದಿನ ವರ್ಷದ ಫಸಲೂ ಕೈಗೆ ಬರುತ್ತೆ. ಏಣಿ ಹಾಕಿ, ಕೆಳಗೆ ಟಾರ್ಪಲ್ ಹಾಸಿ, ಕಡುಗೆಂಪು ಆಗಿರೋದಷ್ಟೇ ಬಿಡಿಸಿ. ಒಂದು ಒಳ್ಳೇ ಗುಣ, ಹಣ್ಣಾದ್ರೂ ಬೇಗ ಉದುರಲ್ಲ, ಮರದಲ್ಲೇ ಕಾಯುತ್ತೆ, ಹಂಗಾಗಿ ಹದಿನೈದು ದಿನಕ್ಕೊಂದ್ಸಲ ಅಂತ ಮೂರು ಸಲ ಕುಯ್ದ್ರೆ ಸಾಕು. ನೆಲಕ್ಕೆ ಬಿದ್ದು ಕಪ್ಪಗಾಗಿರೋದನ್ನ ಸೇರಿಸ್ಬೇಡಿ, ಅದರಲ್ಲಿ ಬೋರರ್ ಹುಳ ಕೂತಿರುತ್ತೆ, ಅದನ್ನ ಸುಟ್ಟುಬಿಡಿ.

ಎಷ್ಟು ಸಿಗುತ್ತೆ ಅಂತ ಆಸೆ ಜಾಸ್ತಿ ಇಟ್ಕೋಬೇಡಿ. ಸಿಪ್ಪೆ, ತಿರುಳು ಅಷ್ಟು ದಪ್ಪ ಇರೋದ್ರಿಂದ ಬೀಜದ ತೂಕ ಬಹಳ ಕಡಿಮೆ ಬರುತ್ತೆ. ನಮಗೆ 24 ಕೆಜಿ ಹಣ್ಣು ಕುಯ್ದಾಗ ಕೊನೆಗೆ ಕೈಗೆ ಬಂದಿದ್ದು 2 ಕೆಜಿ ಬೀಜ. ಅರೇಬಿಕಾದಲ್ಲಿ ಇದರ ಡಬಲ್ ಬರ್ತಿತ್ತು. ತೋಟದೋರು ಈ ಜಾತಿ ಕೈಬಿಟ್ಟಿದ್ದಕ್ಕೆ ಮುಖ್ಯ ಕಾರಣಾನೇ ಇದು ಅನ್ಸುತ್ತೆ, ಮರ ಎತ್ತರ, ಕುಯ್ಯೋ ಕೂಲಿ ಜಾಸ್ತಿ, ಬೀಜ ಕಮ್ಮಿ.

ಒಣಗಿಸೋದು, ಮತ್ತೆ ಆ 25 ದಿನದಲ್ಲಿ ಓದ್ಕೊಳ್ಳೋ ಕಥೆ

ಹಸಿ ಹಣ್ಣಿನ ಸಿಪ್ಪೆ ಸುಲಿಯೋ ನಮ್ಮ ಪಲ್ಪರ್‌ಗೆ ಇದನ್ನ ಹಾಕೋಕೆ ಹೋಗ್ಬೇಡಿ, ಹಣ್ಣಿನ ಸೈಜಿಗೆ ಸಿಕ್ಕಿಹಾಕ್ಕೊಂಡು ಬೀಜ ಒಡೆಯುತ್ತೆ. ಚೆರಿ ಮಾಡಿ, ಅಂದ್ರೆ ಹಣ್ಣನ್ನ ಇಡಿಯಾಗೇ ಒಣಗಿಸಿ. ಕಣದಲ್ಲಿ ತೆಳ್ಳಗೆ ಹರಡಿ, ದಿನಕ್ಕೆ ನಾಲ್ಕೈದು ಸಲ ಕೈ ಆಡಿಸಿ, ಸಂಜೆ ಗುಡ್ಡೆ ಮಾಡಿ ಮುಚ್ಚಿ, ಬೆಳಿಗ್ಗೆ ಮತ್ತೆ ಹರಡಿ. ಈ ಸಿಪ್ಪೆಗೆ ಬೂಷ್ಟು ಬೇಗ ಹಿಡಿಯುತ್ತೆ, ಹಂಗಾಗಿ ಮೊದಲ ವಾರ ಸೋಮಾರಿತನ ಮಾಡೋ ಹಾಗೇ ಇಲ್ಲ. ನಮಗೆ 25 ದಿನ ಹಿಡಿಯಿತು. ಹಿಡಿಯಲ್ಲಿ ತಗೊಂಡು ಕಿವಿ ಹತ್ರ ಅಲ್ಲಾಡಿಸಿದ್ರೆ ಗಿಲಿಗಿಲಿ ಅಂತ ಒಣಗಿದ ಸದ್ದು ಬರ್ಬೇಕು, ಅಲ್ಲೀವರೆಗೆ ಬಿಸಿಲಲ್ಲೇ ಇರಲಿ. ನಡುವೆ ಹೂ ಮಳೆ ಬರುತ್ತೆ, ಟಾರ್ಪಲ್ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ.

ಈ 25 ದಿನದಲ್ಲಿ ಊರಿನ ವಿಷಯ ಹೇಳ್ಬಿಡ್ತೀನಿ.

ಬಟಾಂಗಾಸ್ ಇರೋದು ಲುಜಾನ್ ದ್ವೀಪದಲ್ಲಿ, ಮನಿಲಾದಿಂದ ದಕ್ಷಿಣಕ್ಕೆ ಸುಮಾರು 100 ಕಿಲೋಮೀಟರ್. ವಿಸ್ತೀರ್ಣ 3,100 ಚದರ ಕಿಲೋಮೀಟರ್ ಚಿಲ್ಲರೆ, ನಮ್ಮ ಹಾಸನ ಜಿಲ್ಲೆಯ ಅರ್ಧನೂ ಇಲ್ಲ, ಚಿಕ್ಕಮಗಳೂರಿಗೆ ಹೋಲಿಸಿದ್ರೆ ಇನ್ನೂ ಸಣ್ಣದು, ಆದ್ರೆ ಜನ ಮಾತ್ರ 2020ರ ಎಣಿಕೆಯಲ್ಲಿ 29 ಲಕ್ಷ. ಮಾತಾಡೋದು ತಗಾಲೊಗ್, ಅದರಲ್ಲೂ ಹಳೇ ಗಡಸು ತಗಾಲೊಗ್. ಪ್ರಾಂತ್ಯದ ನಡುವೆ ಟಾಲ್ ಅಂತ ದೊಡ್ಡ ಸರೋವರ, ಸರೋವರದ ನಡುವೆ ಒಂದು ದ್ವೀಪ, ಆ ದ್ವೀಪಾನೇ ಜ್ವಾಲಾಮುಖಿ. ಎತ್ತರ ಬರೀ 311 ಮೀಟರ್, ನಮ್ಮ ಮುಳ್ಳಯ್ಯನಗಿರಿ ಪಕ್ಕದಲ್ಲಿ ಇಟ್ರೆ ದಿಣ್ಣೆ ಥರ. ಆದ್ರೆ ಅದು ಮಾಡಿರೋದು ನೋಡಿ, 1754ರಲ್ಲಿ ತಿಂಗಳುಗಟ್ಟಲೆ ಬೆಂಕಿ ಬೂದಿ ಉಗುಳಿ ದಂಡೇಲಿದ್ದ ಟಾಲ್, ಲಿಪಾ, ತನವಾನ್ ಊರುಗಳನ್ನ ಹಾಳು ಮಾಡ್ತು, ಜನ ಊರನ್ನೇ ಕಿತ್ಕೊಂಡು ಸರೋವರದಿಂದ ದೂರ ಹೋಗಿ ಹೊಸದಾಗಿ ಕಟ್ಕೊಂಡ್ರು. ಇವತ್ತಿನ ಲಿಪಾ ಇರೋದು ಹಂಗೆ ಎದ್ದು ಬಂದ ಜಾಗದಲ್ಲಿ. 1911ರ ಜನವರಿಯಲ್ಲಿ ಮತ್ತೆ ಸಿಡಿದು 1,300ಕ್ಕೂ ಜಾಸ್ತಿ ಜನ ಸತ್ರು. ಕೊನೇದಾಗಿ ದೊಡ್ಡದಾಗಿ ಎದ್ದಿದ್ದು 2020ರ ಜನವರಿ 12ಕ್ಕೆ, ಬೂದಿ ಮನಿಲಾವರೆಗೂ ಹೋಗಿ ಏರ್‌ಪೋರ್ಟ್ ಮುಚ್ಚಿದ್ರು, ಸರೋವರದ ಸುತ್ತ ಇರೋ ಕಾಫಿ ಮರಗಳ ಎಲೆ ಮೇಲೆಲ್ಲ ಬೂದಿ ಕೂತು ಕೊಂಬೆ ಮುರಿದ್ವು. ತಂಗಿ ರೂಮಿನ ಹುಡುಗಿ ಅವತ್ತು ರಾತ್ರಿಯಿಡೀ ಫೋನ್ ಹಿಡ್ಕೊಂಡು ಕೂತಿದ್ಲಂತೆ. ಆದ್ರೆ ಅದೇ ಬೂದಿ ಕಾಲಕ್ರಮೇಣ ಒಳ್ಳೇ ಮಣ್ಣಾಗುತ್ತೆ, ಅಲ್ಲಿ ಬರಾಕೊ, ಕಬ್ಬು, ತೆಂಗು ಚೆನ್ನಾಗಿ ಬರೋದು ಆ ಮಣ್ಣಿಂದಾನೇ.

ಕಾಫಿ ಅಲ್ಲಿಗೆ ಬಂದಿದ್ದು ಸ್ಪೇನಿನ ಪಾದ್ರಿಗಳ ಕಾಲದಲ್ಲಿ, 1700ರ ದಶಕದಲ್ಲಿ ಅಂತ ಹೇಳ್ತಾರೆ. ನಮ್ಮ ಬಾಬಾಬುಡನ್ ಏಳು ಬೀಜದ ಕಥೆ ಥರಾನೇ ಅವರದ್ದೂ ಪಾದ್ರಿ ಬೀಜ ತಂದ ಕಥೆ. ನಿಜವಾದ ಆಟ ಶುರುವಾಗಿದ್ದು 1800ರ ದಶಕದ ಕೊನೇಲಿ. 1869ರಲ್ಲಿ ಸಿಲೋನ್‌ನಲ್ಲಿ ಎಲೆತುಕ್ಕು ರೋಗ ಕಾಣಿಸ್ಕೊಂಡು ಅಲ್ಲಿಯ ಕಾಫಿ ತೋಟಗಳೆಲ್ಲ ಹಾಳಾಗಿ ಕೊನೆಗೆ ಅವರು ಟೀಗೆ ತಿರುಗಿದ್ರು, ನಮ್ಮ ಮಲೆನಾಡಿಗೂ ಬಂತು, ಜಾವಾಕ್ಕೂ ಹೋಯ್ತು. ಎಲ್ಲ ಕಡೆ ಫಸಲು ಬಿದ್ದಾಗ ಲಿಪಾದಲ್ಲಿ ಕಾಫಿ ಇನ್ನೂ ಹಸಿರಾಗಿತ್ತು, ರೇಟ್ ಏರಿದ್ದೇ ಏರಿದ್ದು. ಆ ಊರಿನ ತೋಟಗಾರರು ಯುರೋಪಿಂದ ರೇಷ್ಮೆ, ವಜ್ರ, ಪಿಯಾನೊ ತರಿಸ್ಕೊಂಡು ಬದುಕಿದ ಕಾಲ ಅದು, 1887ರಲ್ಲಿ ಸ್ಪೇನಿನ ರಾಣಿ ಕಡೆಯಿಂದ ಊರಿಗೆ ವಿಲ್ಲಾ ದೆ ಲಿಪಾ ಅಂತ ಬಿರುದೂ ಬಂತು. ಆ ಒಂದೆರಡು ವರ್ಷ ಇಡೀ ಜಗತ್ತಿಗೆ ಕಾಫಿ ಕೊಟ್ಟಿದ್ದು ನಾವೊಬ್ರೇ ಅಂತ ಅಲ್ಲಿಯವರು ಹೇಳ್ಕೊಳ್ತಾರೆ, ಬ್ರೆಜಿಲ್‌ಗೆ ಆಗ ತುಕ್ಕು ತಲುಪಿರ್ಲಿಲ್ಲ, ಹಂಗಾಗಿ ನಾನು ಆ ಮಾತನ್ನ ಅಭಿಮಾನದ ಮಾತು ಅಂತ ತಗೊಳ್ತೀನಿ. ಬಿರುದು ಬಂದು ಎರಡೇ ವರ್ಷ, 1889ರಲ್ಲಿ ಲಿಪಾಕ್ಕೂ ತುಕ್ಕು ಹತ್ತಿತು. ಸಾವಿರಾರು ಎಕರೆ ಬೋಳಾಯ್ತು. ಕಾಫಿ ದುಡ್ಡಲ್ಲಿ ಕಟ್ಟಿದ ಊರು ಕಾಫಿ ಇಲ್ಲದೆ ಕೂತ್ಕೊಳ್ತು.

ಇದನ್ನ ಓದಿದಾಗ ನಂಗೆ ನಮ್ಮ ತಾತ ಹೇಳ್ತಿದ್ದ ಕಾಂಡಕೊರಕ ಹುಳದ ವರ್ಷಗಳು ನೆನಪಾದ್ವು, ಬೊಡ್ಡೆ ಸಮೇತ ಕಿತ್ತು ರಾಶಿ ಹಾಕಿ ಸುಟ್ಟಿದ್ದು. ಕಾಫಿ ನಂಬಿದ ಊರಿನ ಹೊಟ್ಟೆಯುರಿ ಎಲ್ಲ ಕಡೆ ಒಂದೇ.

ಕಥೆಯ ಮೇಲೆ ಕಥೆ ಅಂದ್ರೆ ಅದಾಗಿ ಹತ್ತು ವರ್ಷಕ್ಕೆ ಯುದ್ಧ. ಸ್ಪೇನಿನವರನ್ನ ಓಡಿಸಿದ್ರು ಅಂತ ಸಂತೋಷ ಪಡೋಷ್ಟರಲ್ಲಿ ಅಮೆರಿಕದವರು ಬಂದು ಕೂತ್ರು. ಬಟಾಂಗಾಸಿನ ಸಾಂತೊ ತೊಮಾಸ್ ಊರಿನ ಮಿಗೆಲ್ ಮಲ್ವಾರ್ ಅಂತ ಜನರಲ್ ಗುಡ್ಡಗಾಡಲ್ಲಿ ಹೋರಾಡ್ತಾ ಇದ್ರು, ಅವರಿಗೆ ಜನ ಅಕ್ಕಿ ಕೊಡಬಾರದು ಅಂತ 1901ರ ಕೊನೇಲಿ ಅಮೆರಿಕದ ಜನರಲ್ ಬೆಲ್ ಹಳ್ಳಿ ಜನಾನೆಲ್ಲ ಎಬ್ಬಿಸಿ ಒಂದೊಂದು ಊರಲ್ಲಿ ಕೂಡಿಹಾಕಿ, ಹೊರಗಿದ್ದ ಪೈರು, ದನ, ಕಣಜ ಎಲ್ಲ ನಾಶ ಮಾಡಿಸಿದ. ಕೂಡಿಹಾಕಿದ ಕಡೆ ರೋಗ ಬಂದು ಸಾವಿರಾರು ಜನ ಸತ್ರು. ಜನರ ಸಂಕಟ ನೋಡಕ್ಕಾಗದೆ ಮಲ್ವಾರ್ 1902ರ ಏಪ್ರಿಲ್ 16ಕ್ಕೆ ಶರಣಾದ್ರು. ತುಕ್ಕಿಂದ ಉಳಿದಿದ್ದ ತೋಟ ಏನಾದ್ರೂ ಇದ್ರೆ ಅದನ್ನ ನೋಡ್ಕೊಳ್ಳೋರೇ ಇರಲಿಲ್ಲ. ಇಷ್ಟೆಲ್ಲ ಆದ ಮೇಲೂ ಹಿತ್ತಲಲ್ಲಿ, ಬೇಲಿಯಲ್ಲಿ ಈ ಗಟ್ಟಿ ಜಾತಿ ಮರಗಳು ನಿಂತ್ಕೊಂಡ್ವು, ಅದರಿಂದಾನೇ ಇವತ್ತು ಬರಾಕೊ ಅನ್ನೋ ಹೆಸರು ಬದುಕಿರೋದು. ಫಿಲಿಪೀನ್ಸಲ್ಲಿ ಈಗ ಬೆಳೆಯೋದು ಬಹುಪಾಲು ರೊಬಸ್ಟಾನೇ, ಬರಾಕೊ ಪಾಲು ಬಹಳ ಸಣ್ಣದು.

ಇನ್ನೊಂದು ವಿಷಯ ಹೇಳ್ದೇ ಮುಂದೆ ಹೋಗಕ್ಕೆ ಮನಸ್ಸಿಲ್ಲ. ನಮ್ಮ ತೋಟಗಳಲ್ಲಿ ಎಲ್ಲರೂ ಹಾಕಿರೋ ಎಸ್.795 ಅನ್ನೋ ಅರೇಬಿಕಾ ಇದ್ಯಲ್ಲ, 1940ರ ದಶಕದಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಬಂದಿದ್ದು, ಅದು ಎಸ್.288 ಮತ್ತೆ ಕೆಂಟ್ಸ್ ಅನ್ನೋ ಎರಡು ತಳಿ ಸೇರಿಸಿ ಮಾಡಿದ್ದು. ಆ ಎಸ್.288ರ ಮೂಲ ಎಲ್ಲಿದೆ ಅಂದ್ರೆ ಅರೇಬಿಕಾ ಮತ್ತೆ ಲೈಬೀರಿಕಾ ತಾವಾಗೇ ಕೂಡಿ ಹುಟ್ಟಿದ ಒಂದು ಗಿಡದಲ್ಲಿ. ತುಕ್ಕು ತಡ್ಕೊಳ್ಳೋ ಗುಣ ಅದಕ್ಕೆ ಬಂದಿದ್ದೇ ಲೈಬೀರಿಕಾ ಕಡೆಯಿಂದ. ಅಂದ್ರೆ ನಾವು ಬೇಲಿ ಹತ್ರ ನಿಲ್ಸಿರೋ ಮರದ ರಕ್ತ ನಮ್ಮ ತೋಟದ ಒಳಗೂ ಇದೆ, ನಮ್ಮಪ್ಪಂಗೆ ಇದನ್ನ ಹೇಳಿದ ಮೇಲೆ ಮರ ಕಡಿಯೋ ಮಾತು ಎತ್ತಿಲ್ಲ.

ಸಿಪ್ಪೆ ಬಿಡಿಸೋದು

ಒಂದೆರಡು ಕೆಜಿಗೆ ಮಿಲ್ಲಿಗೆ ಹೋಗ್ಬೇಡಿ. ಒರಳಿಗೆ ಹಾಕಿ ಒನಕೇಲಿ ಮೆತ್ತಗೆ ಕುಟ್ಟಿ, ಮೊರದಲ್ಲಿ ಕೇರಿ, ಉಳಿದಿದ್ದನ್ನ ಮತ್ತೆ ಕುಟ್ಟಿ. ಒಣಗಿದ ಸಿಪ್ಪೆ ಮರದ ಚಕ್ಕೆ ಥರ ಇರುತ್ತೆ, ಕೈ ನೋವು ಬರೋದು ನಿಜ. ಆಮೇಲೆ ಕೂತು ಒಡೆದಿದ್ದು, ಕಪ್ಪು ಬಿದ್ದಿದ್ದು, ತೂತಾಗಿರೋದು ಆರಿಸಿ ತೆಗೀರಿ. ಈ ಆರಿಸೋ ಕೆಲಸ ಬಿಟ್ರೆ ಹುರಿಯುವಾಗ ವಾಸನೆ ಕೆಡುತ್ತೆ.

ಹುರಿಯೋದು

ಬರಾಕೊ ಅಂದ್ರೆ ತಗಾಲೊಗಲ್ಲಿ ಗಂಡುಹಂದಿ, ಕೊಬ್ಬಿದ ಗಂಡು ಅನ್ನೋ ಅರ್ಥ. ಕಪೆ ಅಂದ್ರೆ ಕಾಫಿ. ಹೆಸರಿಗೆ ತಕ್ಕ ಹಾಗೆ ರುಚಿ ಒರಟು, ಗಮ ಜೋರು, ಆದ್ರೆ ಒಂದು ಆಶ್ಚರ್ಯ ಅಂದ್ರೆ ಇದರಲ್ಲಿ ಕೆಫೀನ್ ರೊಬಸ್ಟಾಗಿಂತ ಬಹಳ ಕಮ್ಮಿ, ಅರೇಬಿಕಾಗಿಂತಲೂ ಸ್ವಲ್ಪ ಕಮ್ಮಿನೇ. ನಮ್ಮಮ್ಮಂಗೆ ಸಂಜೆ ಕಾಫಿ ಕುಡಿದ್ರೆ ನಿದ್ದೆ ಬರಲ್ಲ ಅಂತಿದ್ರು, ಇದಕ್ಕೆ ಆ ತೊಂದ್ರೆ ಆಗಿಲ್ಲ.

ದಪ್ಪ ತಳದ ಕಬ್ಬಿಣದ ಬಾಣಲೆ ತಗೊಳ್ಳಿ, ನಾನ್‌ಸ್ಟಿಕ್ ಬೇಡವೇ ಬೇಡ. ಒಂದ್ಸಲಕ್ಕೆ ಕಾಲು ಕೆಜಿ ಮಾತ್ರ. ಬೀಜ ದಪ್ಪ, ಒಂದೊಂದು ಒಂದೊಂದು ಸೈಜು, ಹಂಗಾಗಿ ಉರಿ ಜೋರು ಮಾಡಿದ್ರೆ ಹೊರಗೆ ಕರಿಕು, ಒಳಗೆ ಹಸಿ. ಸಣ್ಣ ಉರೀಲಿ ಶುರು ಮಾಡಿ, ಕೈ ನಿಲ್ಲಿಸ್ದೆ ಮರದ ಸೌಟಲ್ಲಿ ತಿರುಗಿಸ್ತಾನೇ ಇರಿ. ಮೊದ್ಲು ಹುಲ್ಲಿನ ವಾಸನೆ, ಆಮೇಲೆ ಅವಲಕ್ಕಿ ಹುರಿದ ವಾಸನೆ, ಹದಿನೈದು ನಿಮಿಷದ ಹೊತ್ತಿಗೆ ಚಟಚಟ ಸಿಡಿಯೋಕೆ ಶುರು. ಆವಾಗ ಹಲಸಿನ ಹಣ್ಣು ಕುಯ್ದ ಮನೆಯ ಗಮ ಬರುತ್ತೆ ನೋಡಿ, ಇದೇ ಗುರುತು, ಅರೇಬಿಕಾಗೆ ಇದು ಬರೋದೇ ಇಲ್ಲ. ಸಿಡಿಯೋದು ನಿಂತು ಇನ್ನೂ ಮೂರ್ನಾಲ್ಕು ನಿಮಿಷ, ಬಣ್ಣ ಹಳೇ ತೇಗದ ಬಾಗಿಲಿನ ಥರ ಕಡುಕಂದು ಆಗ್ಬೇಕು, ಮೇಲೆ ಎಣ್ಣೆ ಮಿನುಗೋಕೆ ಶುರು ಆಗೋ ಮೊದ್ಲೇ ಇಳಿಸ್ಬಿಡಿ. ಬಟಾಂಗಾಸಲ್ಲಿ ಇನ್ನೂ ಕಪ್ಪಗೆ ಹುರಿಯೋರು ಬಹಳ ಜನ, ನಾನೂ ಒಂದ್ಸಲ ಮಾಡಿ ನೋಡ್ದೆ, ಹಲಸಿನ ಗಮ ಪೂರ್ತಿ ಹೋಯ್ತು, ನಂಗೆ ಬೇಡ ಅನ್ಸ್ತು. ಇಳಿಸಿದ ತಕ್ಷಣ ಮೊರಕ್ಕೆ ಹಾಕಿ ಗಾಳಿಗೆ ಹಿಡಿದು ಕೇರಿ ತಣ್ಣಗೆ ಮಾಡಿ, ಬಾಣಲೇಲೇ ಬಿಟ್ರೆ ಆ ಬಿಸಿಗೇ ಸೀದು ಹೋಗುತ್ತೆ. ಡಬ್ಬಿಗೆ ಹಾಕಿ ಒಂದು ದಿನ ಬಿಡಿ, ಆಮೇಲೆ ಪುಡಿ ಮಾಡಿ.

ಪುಡಿ ಮತ್ತೆ ಕಾಫಿ

ಫಿಲ್ಟರ್‌ಗೆ ಮಾಡೋ ಹಾಗೆ ನುಣ್ಣಗೆ ಬೇಡ. ಸಣ್ಣ ರವೆ ಹದಕ್ಕೆ ತರಿತರಿಯಾಗಿ ಬೀಸ್ಕೊಳ್ಳಿ. ಚಿಕೋರಿ ಸೇರಿಸ್ಬೇಡಿ, ದಯವಿಟ್ಟು. ಇಷ್ಟೆಲ್ಲ ಕಷ್ಟಪಟ್ಟು ಕೊನೇಲಿ ಚಿಕೋರಿ ಹಾಕಿದ್ರೆ ಎಲ್ಲ ಕಾಫಿನೂ ಒಂದೇ.

1 ಲೀಟರ್ ನೀರು ಕುದಿಸಿ, ಕುದಿ ಬಂದ ಮೇಲೆ ಊಟದ ಚಮಚದಲ್ಲಿ 6 ಚಮಚ ಪುಡಿ ಹಾಕಿ, ಉರಿ ಸಣ್ಣ ಮಾಡಿ ಮೂರು ನಿಮಿಷ ಬಿಡಿ. ಉಕ್ಕುತ್ತೆ, ಹತ್ರಾನೇ ನಿಂತಿರಿ. ಒಲೆ ಆರಿಸಿ ಮುಚ್ಚಳ ಹಾಕಿ ಐದು ನಿಮಿಷ, ಪುಡಿ ತಳಕ್ಕೆ ಕೂರುತ್ತೆ, ಒಂದು ಚಮಚ ತಣ್ಣೀರು ಚಿಮುಕಿಸಿದ್ರೆ ಇನ್ನೂ ಬೇಗ. ಆಮೇಲೆ ಬಟ್ಟೇಲಿ ಸೋಸಿ. ನಮ್ಮ ಅಜ್ಜಿ ಕಾಲದಲ್ಲಿ ಮಲೆನಾಡಲ್ಲಿ ಕಾಫಿ ಮಾಡ್ತಿದ್ದಿದ್ದೂ ಹಿಂಗೇ ಅಲ್ವಾ, ಹಿತ್ತಾಳೆ ಪಾತ್ರೇಲಿ ಪುಡಿ ಕುದಿಸಿ, ಬಟ್ಟೇಲಿ ಸೋಸಿ, ಬೆಲ್ಲ ಹಾಕಿ. ಬಟಾಂಗಾಸಲ್ಲೂ ಕಂದು ಸಕ್ಕರೆ ಹಾಕೋದು, ಅಲ್ಲಿ ಕಬ್ಬಿನ ಬೆಳೆ ಜೋರು, ನಸುಗ್ಬು ಕಡೆ ದೊಡ್ಡ ಸಕ್ಕರೆ ಕಾರ್ಖಾನೆ ನಡೀತಿತ್ತು. ನಮ್ಮ ಕಡೆ ಅದಕ್ಕೆ ಸರಿಯಾಗಿ ಹೊಂದೋದು ಜೋನಿ ಬೆಲ್ಲ. ಹಾಲು ಹಾಕೋದು ಬಿಡೋದು ನಿಮ್ಮಿಷ್ಟ, ಮೊದಲ ಲೋಟ ಮಾತ್ರ ಹಾಲಿಲ್ದೆ ಕುಡೀರಿ.

ಜೊತೆಗೆ ಏನು ತಿನ್ನೋದು

ಅಲ್ಲಿ ಬರಾಕೊ ಜೊತೆ ಸುಮಾನ್ ಅಂತ ತಿಂತಾರೆ, ಅಂಟು ಅಕ್ಕಿಗೆ ತೆಂಗಿನ ಹಾಲು ಹಾಕಿ ಬಾಳೆಲೇಲಿ ಸುತ್ತಿ ಬೇಯಿಸಿದ್ದು. ನಮ್ಮಲ್ಲಿ ಅರಿಶಿನ ಎಲೆ ಕಡುಬು ಇದೆ, ಅದಕ್ಕಿಂತ ಜೋಡಿ ಬೇಕಾ. ಪಾನುಚ್ಚಾ ಅಂತ ಇನ್ನೊಂದು, ಬೆಲ್ಲದ ಪಾಕಕ್ಕೆ ಕಡ್ಲೆಕಾಯಿ ಹಾಕಿ ಬಿಲ್ಲೆ ಮಾಡೋದು, ಹೆಚ್ಚುಕಮ್ಮಿ ನಮ್ಮ ಕಡ್ಲೆ ಮಿಠಾಯಿ. ಇನ್ನೊಂದು ಪದ್ಧತಿ ಕೇಳಿ ಅಮ್ಮ ಮೊದ್ಲು ಮುಖ ಸಿಂಡರಿಸಿದ್ರು, ಬಿಸಿ ಅನ್ನಕ್ಕೆ ಬರಾಕೊ ಹುಯ್ಕೊಂಡು ತಿನ್ನೋದು, ಸಾರಿನ ಥರ. ಹಳ್ಳಿ ಕಡೆ ಹೊಲಕ್ಕೆ ಹೋಗೋ ಮುಂಚೆ ಹಂಗೆ ತಿಂತಿದ್ರಂತೆ, ಈಗ್ಲೂ ಮಕ್ಕಳಿಗೆ ಕೊಡೋರಿದಾರೆ. ನಾನು ಒಣಮೀನು ಸುಟ್ಕೊಂಡು ಜೊತೆಗೆ ತಿಂದೆ, ಮಳೆಗಾಲದ ಬೆಳಿಗ್ಗೆಗೆ ಹೇಳಿ ಮಾಡ್ಸಿದ್ದು. ಒಂದ್ಸಲ ಟ್ರೈ ಮಾಡಿ.

ಊಟಕ್ಕೆ ಏನಾದ್ರೂ ಮಾಡ್ಬೇಕು ಅಂದ್ರೆ ಸಿನಯಿಂಗ್ ನ ತುಲಿಂಗನ್ ಮಾಡಿ. ತುಲಿಂಗನ್ ಅನ್ನೋದು ಸಣ್ಣ ಜಾತಿ ಸೂರೆಮೀನು, ಅದನ್ನ ಸ್ವಲ್ಪ ಚಪ್ಪಟೆ ಒತ್ತಿ ಉಪ್ಪು ಸವರಿ, ಮಣ್ಣಿನ ಗಡಿಗೆ ತಳಕ್ಕೆ ಬಾಳೆಲೆ ಹಾಸಿ, ಒಣಗಿಸಿದ ಬಿಂಬುಳಿ ಹಾಕಿ, ಮೇಲೆ ಮೀನು ಜೋಡಿಸಿ ನೀರು ಹುಯ್ದು ಸಣ್ಣ ಉರೀಲಿ ಗಂಟೆಗಟ್ಟಲೆ ಬೇಯಿಸೋದು. ಖಾರ, ಮಸಾಲೆ ಏನೂ ಇಲ್ಲ. ನಮ್ಮ ಸಂತೇಲಿ ಬಂಗಡೆ ಸಿಗುತ್ತೆ, ಬಿಂಬುಳಿ ಇಲ್ದಿದ್ರೆ ವಾಟೆಹುಳಿ ಹಾಕಿ, ನಾನು ಹಂಗೇ ಮಾಡೋದು. ಮೂರು ದಿನ ಕೆಡಲ್ಲ, ಎರಡನೇ ದಿನಕ್ಕೆ ರುಚಿ ಜಾಸ್ತಿ. ಟಾಲ್ ಸರೋವರದಲ್ಲಿ ತವಿಲಿಸ್ ಅಂತ ಒಂದು ಮೀನಿದೆ, ಬೂತಾಯಿ ಜಾತಿದು, ಆದ್ರೆ ಸಿಹಿನೀರಲ್ಲಿ ಬದುಕೋದು, ಪ್ರಪಂಚದಲ್ಲಿ ಆ ಸರೋವರ ಬಿಟ್ರೆ ಬೇರೆಲ್ಲೂ ಇಲ್ಲ. ಹಿಂದೆ ಆ ಸರೋವರ ಸಮುದ್ರಕ್ಕೆ ಅಗಲವಾಗಿ ಸೇರ್ಕೊಂಡಿತ್ತು, ಜ್ವಾಲಾಮುಖಿ ಬೂದಿ ದಾರಿ ಮುಚ್ಚಿ ಈಗ ಪನ್ಸಿಪಿಟ್ ಅಂತ ಸಣ್ಣ ನದಿ ಮಾತ್ರ ಉಳಿದಿದೆ. ತವಿಲಿಸ್ ಈಗ ಅಳಿವಿನಂಚಲ್ಲಿದೆ.

ದನದ ವ್ಯಾಪಾರನೂ ಅಲ್ಲಿ ದೊಡ್ದು, ಪಾದ್ರೆ ಗಾರ್ಸಿಯಾ ಅನ್ನೋ ಊರಿನ ದನದ ಸಂತೆ ದೇಶಕ್ಕೇ ಹೆಸರುವಾಸಿ, ಅಲ್ಲಿಯವರ ಬುಲಾಲೊ ಅನ್ನೋ ಮೂಳೆ ಸಾರು ಬಂದಿದ್ದು ಆ ದಾರೀಲೇ.

ಕೂತು ಕುಡಿಯುವಾಗ ಆಡೋ ಮಾತು

ಬಟಾಂಗಾಸಿನವರು ಬಾಯಿ ಬಿಟ್ಟ ತಕ್ಷಣ ಮನಿಲಾದವರಿಗೆ ಗೊತ್ತಾಗುತ್ತಂತೆ, ಹಾಸನದೋರು "ಅಲ್ಕಣ್ಲಾ" ಅಂದ ತಕ್ಷಣ ಬೆಂಗಳೂರಲ್ಲಿ ಗೊತ್ತಾಗೋ ಹಾಗೆ. ಅವರದ್ದು "ಅಲಾ ಎ!", ಮಾತಿನ ಮುಂಚೆ ಬರುತ್ತೆ, ಅರ್ಥ ಅಂತ ವಿಶೇಷ ಏನಿಲ್ಲ, ಆಶ್ಚರ್ಯಕ್ಕೂ ಆಗುತ್ತೆ, ಒತ್ತಿ ಹೇಳೋಕೂ ಆಗುತ್ತೆ. ಬೇರೆ ಕಡೆ ಪ್ರಶ್ನೆಗೆ "ಬಾ" ಸೇರಿಸಿದ್ರೆ ಇವರು "ಗಾ" ಅಂತಾರೆ. ದನಿ ಜೋರು, ಜಗಳ ಆಡ್ತಿದಾರೇನೋ ಅನ್ಸುತ್ತೆ ಆದ್ರೆ ಊಟಕ್ಕೆ ಕರೀತಿರ್ತಾರೆ. ತಗಾಲೊಗಲ್ಲಿ ನಮಗೆ ಪರಿಚಯದ ಪದಗಳೂ ಸಿಗ್ತವೆ, ಮುಖಕ್ಕೆ ಮುಖಾ ಅಂತಾರೆ, ಮೇಷ್ಟ್ರಿಗೆ ಗುರೊ, ಆಸೆಗೆ ಅಸಾ. ಸಂಸ್ಕೃತ ಮಲಯ ಭಾಷೆಗಳ ಮೂಲಕ ಅಲ್ಲೀವರೆಗೂ ಹೋಗಿದೆ. ತಂಗಿ ಇದನ್ನ ಹೇಳಿದ ಮೇಲೆ ಅಮ್ಮ ವಿಡಿಯೋ ಕಾಲಲ್ಲಿ ಆ ಹುಡುಗಿಗೆ "ನಿನ್ ಮುಖ ಬಾಡಿದೆಯಲ್ಲವ್ವಾ" ಅಂದ್ರು, ಅವಳಿಗೆ ಮುಖ ಅನ್ನೋದು ಅರ್ಥ ಆಗಿ ಕೆನ್ನೆ ಮುಟ್ಕೊಂಡ್ಲು.

ಅವಳು ಬಹಳ ಹೆಮ್ಮೆಯಿಂದ ಹೇಳೋ ಹೆಸರು ಅಪೊಲಿನಾರಿಯೊ ಮಬಿನಿ. 1864ರಲ್ಲಿ ತನವಾನ್ ಹತ್ರ ಬಡವರ ಮನೇಲಿ ಹುಟ್ಟಿ, ಎರಡೂ ಕಾಲು ಸ್ವಾಧೀನ ತಪ್ಪಿದ್ರೂ 1899ರಲ್ಲಿ ಫಿಲಿಪೀನ್ಸಿನ ಮೊದಲ ಗಣರಾಜ್ಯಕ್ಕೆ ಪ್ರಧಾನಿ ಆದವರು, ಅಮೆರಿಕಕ್ಕೆ ತಲೆಬಾಗಲ್ಲ ಅಂದಿದ್ದಕ್ಕೆ ಗುವಾಮ್ ದ್ವೀಪಕ್ಕೆ ಗಡೀಪಾರಾಗಿ, ವಾಪಸ್ ಬಂದ ಕೆಲವೇ ತಿಂಗಳಿಗೆ 1903ರಲ್ಲಿ ಕಾಲರಾಕ್ಕೆ ತೀರ್ಕೊಂಡ್ರು. ಆ ದೇಶದ ಬಾವುಟ ಮೊದಲು ಹೊಲಿದ ಮಾರ್ಸೆಲಾ ಅಗೊನ್ಸಿಲ್ಯೊ ಕೂಡ ಇದೇ ಪ್ರಾಂತ್ಯದ ಟಾಲ್ ಊರಿನ ಮಗಳು, 1898ರಲ್ಲಿ ಹಾಂಗ್‌ಕಾಂಗಲ್ಲಿ ಕೂತು ಹೊಲಿದಿದ್ದು. ಬಾವುಟದ ಸೂರ್ಯನಿಗೆ ಎಂಟು ಕಿರಣ, ಮೊದಲು ದಂಗೆ ಎದ್ದ ಎಂಟು ಪ್ರಾಂತ್ಯಕ್ಕೆ ಒಂದೊಂದು, ಅದರಲ್ಲಿ ಒಂದು ಬಟಾಂಗಾಸ್. ಟಾಲ್ ಊರಲ್ಲಿ ಇವತ್ತಿಗೂ ಬಾರೊಂಗ್ ಅಂಗಿ ಮೇಲೆ ಕೈಕಸೂತಿ ಹಾಕೋ ಹೆಂಗಸರಿದಾರೆ, ಅದೇ ಊರಿನ ಪಕ್ಕದ ಓಣಿಗಳಲ್ಲಿ ಬಾಲಿಸಾಂಗ್ ಅನ್ನೋ ಮಡಚೋ ಚಾಕು ಬಡಿಯೋ ಕಮ್ಮಾರರಿದಾರೆ.

ದುಡಿಮೆ ವಿಷಯಕ್ಕೆ ಬಂದ್ರೆ ಈಗ ಕಾಫಿ ನಂಬಿ ಅಲ್ಲಿ ಯಾರೂ ಕೂತಿಲ್ಲ. ದೊಡ್ಡ ಬಂದರಿದೆ, ಪಾಲಾವನ್ ಕಡೆ ಸಮುದ್ರದಲ್ಲಿ ಸಿಗೋ ಮಲಂಪಾಯ ಗ್ಯಾಸ್ 2001ರಿಂದ ಪೈಪಲ್ಲಿ ಇಲ್ಲಿಗೆ ಬಂದು ಕರೆಂಟ್ ಆಗುತ್ತೆ, ಫ್ಯಾಕ್ಟರಿಗಳಿದಾವೆ, ಅನಿಲಾವ್ ಕಡೆ ಹವಳದ ಬಂಡೆ ನೋಡೋಕೆ ಡೈವಿಂಗ್ ಮಾಡೋರು ಬರ್ತಾರೆ. ಮಿಕ್ಕಂತೆ ಮನೆಗೊಬ್ರು ಹೊರದೇಶ. ಮಬಿನಿ ಅನ್ನೋ ಪಟ್ಟಣದಿಂದ ಇಟಲಿಗೆ ಕೆಲಸಕ್ಕೆ ಹೋದವರು ಎಷ್ಟು ಅಂದ್ರೆ ಅವರು ಕಳಿಸಿದ ದುಡ್ಡಲ್ಲಿ ಇಟಲಿ ಥರದ ಮನೆ ಕಟ್ಟಿ ಊರಿನ ಒಂದು ಭಾಗಕ್ಕೆ ಲಿಟ್ಲ್ ಇಟಲಿ ಅಂತಾನೇ ಹೆಸರು ಬಿದ್ದಿದೆ. ದೊಡ್ಡ ಮನೆ, ಒಳಗೆ ವಯಸ್ಸಾದವರು ಇಬ್ರು. ನಮ್ಮ ಮಲೆನಾಡಿನ ಎಷ್ಟು ಮನೆ ಹಂಗಿಲ್ಲ ಹೇಳಿ, ಮಕ್ಕಳು ಬೆಂಗಳೂರು, ದುಬೈ, ಅಮೆರಿಕ, ಕುಯ್ಲಿಗೆ ಮಾತ್ರ ಫೋನು. ಆ ಹುಡುಗಿ ಊರಿಗೆ ಹೋಗಿ ನಾಲ್ಕು ವರ್ಷ ಆಯ್ತಂತೆ, ದುಬೈ ರೂಮಲ್ಲಿ ಬರಾಕೊ ಕುದಿಸಿದಾಗ ಮಾತ್ರ ಮನೆ ನೆನಪು ಜಾಸ್ತಿ ಆಗುತ್ತೆ ಅಂದ್ಲಂತೆ ತಂಗಿ ಹತ್ರ. ಕಳೆದ ವರ್ಷ ನಮ್ಮ ಮರದ ಕಾಲು ಕೆಜಿ ಹುರಿದು ಅವಳಿಗೆ ಕಳಿಸಿದ್ವಿ, ಕುಡಿದು "ಅಲಾ ಎ" ಅಂದ ವಿಡಿಯೋ ನನ್ನ ಫೋನಲ್ಲಿದೆ.

ಸಸಿ ಮಾಡೋದು

ಇರೋ ಮರಗಳೆಲ್ಲ ಮುದಿಯಾಗ್ತಿವೆ, ಹಂಗಾಗಿ ಇದನ್ನೂ ಹೇಳ್ತೀನಿ. ಚೆನ್ನಾಗಿ ಬಿಡೋ ಮರದ ದಪ್ಪ ಹಣ್ಣು ಆರಿಸಿ, ಕೈಯಲ್ಲೇ ಹಿಸುಕಿ ಬೀಜ ತೆಗೆದು, ಬೂದಿ ಹಚ್ಚಿ, ನೆರಳಲ್ಲಿ ನಾಲ್ಕೈದು ದಿನ ಆರಿಸಿ. ಬಿಸಿಲಿಗೆ ಹಾಕ್ಬೇಡಿ. ಕಾಫಿ ಬೀಜಕ್ಕೆ ಜೀವ ಬಹಳ ದಿನ ಇರಲ್ಲ, ಆರಿದ ತಕ್ಷಣ ಪಾತಿಗೆ ಹಾಕ್ಬೇಕು. ಮರಳು ಮಿಶ್ರದ ಮಣ್ಣಲ್ಲಿ ಚಪ್ಪಟೆ ಬದಿ ಕೆಳಗೆ ಮಾಡಿ ಒಂದೊಂದಾಗಿ ಊರಿ, ಮೇಲೆ ಒಣಹುಲ್ಲು ಮುಚ್ಚಿ, ದಿನಾ ಸ್ವಲ್ಪ ನೀರು. ನಮ್ಮದು ಮೊಳಕೆ ಬರೋಕೆ ಎರಡು ತಿಂಗಳ ಹತ್ರ ಹಿಡಿಯಿತು, ಹೋಯ್ತೇನೋ ಅಂತ ಕೆದಕೋಕೆ ಹೋಗ್ಬೇಡಿ. ಟೋಪಿ ಹೊತ್ತ ಹಾಗೆ ಬೀಜ ತಲೆ ಮೇಲಿಟ್ಕೊಂಡು ಎದ್ದ ಮೇಲೆ ಕಿತ್ತು ಮಣ್ಣು ತುಂಬಿದ ಬುಟ್ಟಿ ಕವರಿಗೆ ನೆಡಿ, ಮುಂದಿನ ಮಳೆಗೆ ನೆಲಕ್ಕೆ. ಒಂದರಿಂದ ಒಂದಕ್ಕೆ ಹದಿನೈದು ಅಡಿನಾದ್ರೂ ಬಿಡಿ, ಮರ ಆಗೋದು ಅಂತ ನೆನಪಿರಲಿ, ಮತ್ತೆ ಅರೇಬಿಕಾ ಮೇಲೆ ನೆರಳು ಬೀಳದ ಕಡೆ ಹಾಕಿ. ಎತ್ತರ ಹೋಗದ ಹಾಗೆ ತುದಿ ಚಿವುಟಿದ್ರೆ ಮುಂದೆ ಏಣಿ ಕೆಲಸ ಕಮ್ಮಿ ಆಗುತ್ತೆ. ಈ ಜೂನಲ್ಲಿ ಕೆರೆ ಏರಿ ಪಕ್ಕ ಆರು ಸಸಿ ಇಟ್ಟಿದೀವಿ, ಗುಂಡಿ ತೋಡಿದ್ದು ಅಪ್ಪಾನೇ.